ಆರು ತಿಂಗಳ ನಿವಾಸಿಗಳು

ಹಿಮ ಬೀಳುವ ಮುನ್ನ ಮನೆಗೆ ಬೀಗ ಹಾಕಿ ಫ್ಲಾರಿಡಾ, ಅರಿಜೋನಾಗಳಿಗೆ ಹೋಗಿ, ಚಳಿ ಕಳೆದ ಮೇಲೆ ಮರಳುವ ನಿವೃತ್ತರನ್ನು ಕೆನಡಾದಲ್ಲಿ ‘ಸ್ನೋಬರ್ಡ್’ ಎನ್ನುತ್ತಾರೆ. 2025ರಲ್ಲಿ ಅಮೆರಿಕವು ಕೆನಡಾದ ಮೇಲೆ ಸುಂಕ ಹೇರಿದಾಗ, ಮೂವತ್ತು ದಿನ ಮೀರಿ ಉಳಿಯುವ ಕೆನಡಿಯನ್ನರೂ ನೋಂದಾಯಿಸಿಕೊಳ್ಳಬೇಕೆಂಬ ನಿಯಮವನ್ನು ಬಿಗಿಗೊಳಿಸಿದಾಗ, ಈ ಹಿರಿಯರ ಅಳಲು ಅಲ್ಲಿ ದೊಡ್ಡ ಸುದ್ದಿಯಾಯಿತು. ಅದೇ ಕೆನಡಾದಿಂದ ಪ್ರತಿ ನವೆಂಬರಿನಲ್ಲಿ ನಮ್ಮ ಟಿ. ದಾಸರಹಳ್ಳಿಗೂ ಕೆಲವರು ಬಂದಿಳಿಯುತ್ತಾರೆ. ಅವರ ಅಳಲು ಅಲ್ಲಿಯೂ ಸುದ್ದಿಯಲ್ಲ, ಇಲ್ಲಿಯೂ ಸುದ್ದಿಯಲ್ಲ.

ಇವರು ಯಾರು? ಎಚ್‌ಎಂಟಿ, ಬಿಇಎಲ್ ಹಾಗೂ ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿದು, ಸಾಲ ತೆಗೆದು, ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡವರು. ಮಕ್ಕಳು ಟೊರಾಂಟೊ, ಮಿಸ್ಸಿಸಾಗಾಗಳಲ್ಲಿ ನೆಲೆಸಿ, ನಿವೃತ್ತರಾದ ತಂದೆ-ತಾಯಿಯನ್ನು ಕರೆಸಿಕೊಂಡರು. ಮೊಮ್ಮಕ್ಕಳ ಆರೈಕೆಯಲ್ಲಿ ಬೇಸಿಗೆ ಹೇಗೋ ಕಳೆಯುತ್ತದೆ. ಹೆಪ್ಪುಗಟ್ಟಿದ ಕಾಲುದಾರಿಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವ ಭಯ ಶುರುವಾದೊಡನೆ ಬೆಂಗಳೂರಿನ ಹದವಾದ ಬಿಸಿಲು ನೆನಪಾಗುತ್ತದೆ. ನಮ್ಮ ಬೀದಿಯಲ್ಲಿ ಇಂತಹ ಎರಡು ಮನೆಗಳಿವೆ. ಉಳಿದ ತಿಂಗಳುಗಳಲ್ಲಿ ಅವುಗಳ ಕೀಲಿಕೈ ನನ್ನ ಬಳಿ ಇರುತ್ತದೆ. ವಿದೇಶದಲ್ಲಿದ್ದಾರೆಂದ ಮಾತ್ರಕ್ಕೆ ಡಾಲರಿನ ಧನಿಕರೆಂದು ಇವರನ್ನು ಕಾಣುವ ನಮ್ಮ ಅಭ್ಯಾಸ ಎಷ್ಟು ತಪ್ಪೆಂಬುದು ಆ ಕೀಲಿಕೈಗಳ ಒಡನಾಟದಿಂದಲೇ ನನಗೆ ತಿಳಿದದ್ದು.

ಇವರ ಬದುಕು ದಿನಗಣನೆಯ ಬದುಕು. ಒಂಟಾರಿಯೊ ಪ್ರಾಂತದ ಆರೋಗ್ಯ ವಿಮೆ ಉಳಿಯಬೇಕಾದರೆ ಹನ್ನೆರಡು ತಿಂಗಳಲ್ಲಿ ಕನಿಷ್ಠ 153 ದಿನ ಅಲ್ಲಿರಬೇಕು. ಅಲ್ಲಿನ ವೃದ್ಧಾಪ್ಯ ಪಿಂಚಣಿಗೆ ಹತ್ತು ವರ್ಷಗಳ ವಾಸ ಬೇಕು. ಹೊರದೇಶದಲ್ಲಿ ಇದ್ದುಕೊಂಡೇ ಅದನ್ನು ಪಡೆಯುವುದಾದರೆ ಇಪ್ಪತ್ತು ವರ್ಷ. ಅಷ್ಟಾಗದವರು ಆರು ತಿಂಗಳು ಮೀರಿ ಹೊರಗಿದ್ದರೆ ಹಣ ನಿಲ್ಲುತ್ತದೆ. ಅರವತ್ತೈದಕ್ಕೆ ಹೋದವರಿಗೆ ಇಪ್ಪತ್ತು ವರ್ಷ ತುಂಬುವುದು ಎಂಬತ್ತೈದಕ್ಕೆ! ಭಾರತ-ಕೆನಡಾ ಸಾಮಾಜಿಕ ಭದ್ರತಾ ಒಪ್ಪಂದ 2015ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಇಲ್ಲಿ ಪಿಂಚಣಿ ವಂತಿಗೆ ಕಟ್ಟಿದ ವರ್ಷಗಳನ್ನೂ ಅಲ್ಲಿನ ಅರ್ಹತೆಗೆ ಪರಿಗಣಿಸಲು ಅದು ಅವಕಾಶ ಕೊಟ್ಟಿದೆ. ಆದರೆ ಪೀಣ್ಯದಲ್ಲಿ ದುಡಿದ ಎಷ್ಟು ಮಂದಿಗೆ ಈ ಸಂಗತಿ ಗೊತ್ತಿದೆ? ನಾನು ವಿಚಾರಿಸಿದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಇದೆಲ್ಲಕ್ಕಿಂತ ಗಂಭೀರವಾದುದು ಚಿಕಿತ್ಸೆಯ ಪ್ರಶ್ನೆ. ಹೊರದೇಶದಲ್ಲಿ ತುರ್ತಾಗಿ ಆಸ್ಪತ್ರೆ ಸೇರಿದರೆ ಒಂಟಾರಿಯೊ ಕೊಡುವುದು ದಿನಕ್ಕೆ ಹೆಚ್ಚೆಂದರೆ 400 ಡಾಲರ್. ಉಳಿದದ್ದಕ್ಕೆ ಪ್ರವಾಸಿ ವಿಮೆ ಕೊಳ್ಳಬೇಕು. ಅದರಲ್ಲಿ ‘ಕಾಯಿಲೆ ಸ್ಥಿರವಾಗಿರಬೇಕು’ ಎಂಬ ಷರತ್ತು ಇರುತ್ತದೆ. ಹೊರಡುವ ಮುಂಚಿನ ತಿಂಗಳುಗಳಲ್ಲಿ ವೈದ್ಯರು ರಕ್ತದೊತ್ತಡದ ಮಾತ್ರೆಯ ಪ್ರಮಾಣವನ್ನು ಬದಲಿಸಿದ್ದರೆ ಸಾಕು, ಪರಿಹಾರ ನಿರಾಕರಿಸಲು ಅದೇ ಕಾರಣವಾಗಬಹುದು. ಎಪ್ಪತ್ತೈದು ದಾಟಿದವರಲ್ಲಿ ಮಾತ್ರೆ ಬದಲಾಗದವರು ಯಾರು? ಹೋಗಲಿ, ಇಲ್ಲಿಯೇ ಪಾಲಿಸಿ ಕೊಳ್ಳೋಣವೆಂದರೆ, ಅರವತ್ತೈದರ ಮೇಲಿನವರಿಗೂ ಆರೋಗ್ಯ ವಿಮೆ ಕೊಡಬೇಕೆಂದು ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ದಾರಿ ತೆರೆದಿದೆ, ನಿಜ. ಆದರೆ ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷಗಳವರೆಗೆ ಕಾಯಿಸಬಹುದು. ವರ್ಷಕ್ಕೆ ಐದು ತಿಂಗಳು ಮಾತ್ರ ಇಲ್ಲಿರುವವರು ಹನ್ನೆರಡು ತಿಂಗಳ ಕಂತು ಕಟ್ಟಬೇಕು. ಹಾಗಾಗಿ ನನಗೆ ಪರಿಚಿತರಾದ ಈ ಹಿರಿಯರು ಯಾವ ವಿಮೆಯನ್ನೂ ನೆಚ್ಚದೆ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ ಇಟ್ಟು, ದೇವರ ಮೇಲೆ ಭಾರ ಹಾಕಿ ಬರುತ್ತಾರೆ. ರಾತ್ರಿ ಎದೆನೋವು ಕಾಣಿಸಿಕೊಂಡರೆ ಮೊದಲು ತೆಗೆಯುವುದು ಮಾತ್ರೆಯನ್ನಲ್ಲ, ಠೇವಣಿಯ ರಸೀದಿಯನ್ನು.

ಇನ್ನು ಮೊಬೈಲ್. ಪ್ರಿಪೇಯ್ಡ್ ಸಂಖ್ಯೆಯನ್ನು ತೊಂಬತ್ತು ದಿನ ಬಳಸದಿದ್ದರೆ ಅದು ಕೈತಪ್ಪಬಹುದು. ಸಂಖ್ಯೆ ಹೋದರೆ ಒಟಿಪಿ ಹೋಯಿತು. ಒಟಿಪಿ ಹೋದರೆ ಬ್ಯಾಂಕು, ಬೆಸ್ಕಾಂ, ಆಸ್ತಿ ತೆರಿಗೆ ಎಲ್ಲವೂ ಕೈಗೆಟುಕದಾಗುತ್ತವೆ. ಕೆನಡಾದ ಪೌರತ್ವ ಪಡೆದು ಒಸಿಐ ಕಾರ್ಡ್ ಹೊಂದಿರುವವರು ಆಧಾರ್ ಮಾಡಿಸಬೇಕಾದರೆ ಹಿಂದಿನ ಒಂದು ವರ್ಷದಲ್ಲಿ 182 ದಿನ ಇಲ್ಲಿ ವಾಸಿಸಿರಬೇಕು. ಐದು ತಿಂಗಳಿಗೆ ಮರಳುವವರು ಆ ಗೆರೆಯನ್ನು ಎಂದೂ ಮುಟ್ಟುವುದಿಲ್ಲ. ಮನೆಯನ್ನು ಬಾಡಿಗೆಗೆ ಕೊಡೋಣವೆಂದರೆ ಕರಾರು ಹನ್ನೊಂದು ತಿಂಗಳಿನದು; ಇವರಿಗೆ ಏಳು ತಿಂಗಳಿನ ಬಾಡಿಗೆದಾರ ಬೇಕು. ಅಂತಹವರು ಸಿಗುವುದಿಲ್ಲ. ಮನೆಗೆ ಬೀಗ ಬೀಳುತ್ತದೆ. ಬಾಡಿಗೆ ಮನೆಗಾಗಿ ಪೀಣ್ಯದ ಕಾರ್ಮಿಕರು ಅಲೆಯುವ ಬಡಾವಣೆಯಲ್ಲಿ ಎರಡು ಕೋಣೆಯ ಮನೆಯೊಂದು ವರ್ಷದ ಬಹುಭಾಗ ಖಾಲಿ ಇರುವುದು ನನಗೇನೂ ಸಂತೋಷದ ವಿಷಯವಲ್ಲ. ಅದನ್ನು ನೇರವಾಗಿ ಹೇಳಿದಾಗ ಆ ಮನೆಯ ಯಜಮಾನಿ, “ಸಾರ್, ಇದನ್ನೂ ಬಿಟ್ಟುಕೊಟ್ಟರೆ ನಮ್ಮದು ಅಂತ ಯಾವುದಿದೆ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಸ್ವಂತ ಇಚ್ಛೆಯಿಂದ ಹೋದವರಿಗೆ ಸರ್ಕಾರವೇಕೆ ತಲೆಕೆಡಿಸಿಕೊಳ್ಳಬೇಕೆಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ಸಬ್ಸಿಡಿಯನ್ನಾಗಲಿ ರಿಯಾಯಿತಿಯನ್ನಾಗಲಿ ಇವರಿಗೆ ಕೊಡಬೇಕೆಂಬುದು ನನ್ನ ವಾದವಲ್ಲ. ಆದರೆ ನಮ್ಮ ನಿಯಮಗಳಿಗೆ ಗೊತ್ತಿರುವುದು ಎರಡೇ ಬಗೆಯ ಜನ: ಇಲ್ಲಿಯೇ ಇರುವವರು, ಇಲ್ಲಿ ಇಲ್ಲದವರು. ನಡುವಿನವರನ್ನು ಗುರುತಿಸುವುದು ಅಸಾಧ್ಯವೇನಲ್ಲ. ಕೆನಡಾ ಸೇರಿದಂತೆ ಹತ್ತು ದೇಶಗಳ ಮೊಬೈಲ್ ಸಂಖ್ಯೆಯನ್ನು ಅನಿವಾಸಿ ಖಾತೆಗೆ ಜೋಡಿಸಿ ಯುಪಿಐ ಬಳಸಲು 2023ರಲ್ಲೇ ಅವಕಾಶ ಸಿಕ್ಕಿತು. ಹಣ ಸಾಗಿಸಲು ನಂಬಲರ್ಹವಾದ ಸಂಖ್ಯೆ ತೆರಿಗೆ ಕಟ್ಟಲು, ವಿದ್ಯುತ್ ಬಿಲ್ಲಿನ ತಕರಾರು ಸಲ್ಲಿಸಲು ಏಕೆ ಸಾಲದು? ಸಾರ್ವಜನಿಕ ವಲಯದ ವಿಮಾ ಕಂಪನಿಗಳು, ಕಾಯುವ ಅವಧಿಯನ್ನು ಪ್ರತಿ ವರ್ಷ ಹೊಸದಾಗಿ ಎಣಿಸದೆ, ಇಲ್ಲಿರುವ ತಿಂಗಳುಗಳಿಗಷ್ಟೇ ಕಂತು ಪಡೆಯುವ ಪಾಲಿಸಿಯೊಂದನ್ನು ರೂಪಿಸಿದರೆ ಕೊಳ್ಳುವವರು ದಾಸರಹಳ್ಳಿಯಲ್ಲೇ ಸಿಗುತ್ತಾರೆ. ಭವಿಷ್ಯನಿಧಿ ಕಚೇರಿ 2015ರ ಒಪ್ಪಂದದ ಸಾರವನ್ನು ಕನ್ನಡದ ಒಂದೇ ಪುಟದಲ್ಲಿ ಅಚ್ಚುಮಾಡಿ ಪೀಣ್ಯದ ಪ್ರತಿ ಕಾರ್ಖಾನೆಯ ಸೂಚನಾ ಫಲಕಕ್ಕೆ ಕಳುಹಿಸಬಹುದು. ಅದಕ್ಕಂತೂ ಯಾವ ಕಾನೂನಿನ ತಿದ್ದುಪಡಿಯೂ ಬೇಕಿಲ್ಲ.