ಹಬ್ಬದ ಸಾಮಾನು ಮೋಡಕಾಕ್ಕೆ ಹಾಕಬ್ಯಾಡ್ರಿ



ಡಿಸೆಂಬರ್ 25ಕ್ಕೆ ಕ್ರಿಸ್‌ಮಸ್ ಹಬ್ಬ. ನಮ್ಮ ಮನ್ಯಾಗ ಈ ಹಬ್ಬ ಮಾಡುವುದಿಲ್ಲ. ಆದರೆ ನಮ್ಮ ಸೀಮೆಗೆ ಇದು ಹೊಸದೇನಲ್ಲ. ಬಾಸೆಲ್ ಮಿಷನ್ನಿನವರು 1841ರಲ್ಲಿಯೇ ಗದಗ ಹತ್ತಿರದ ಬೆಟಗೇರಿಗೆ ಬಂದಿದ್ದರು. ಏಸು ಹುಟ್ಟಿದಾಗ ಕೂಸನ್ನು ಮಲಗಿಸಿದ ಜಾಗಕ್ಕೆ ಕನ್ನಡ ಬೈಬಲ್ಲಿನಲ್ಲಿ ‘ಗೋದಲಿ’ ಎಂದೇ ಬರೆದಿದ್ದಾರೆ. ಗೋದಲಿ ಅಂದರೆ ಬ್ಯಾರೆ ಏನಲ್ಲ, ನಾವು ಎತ್ತಿಗೆ ಕಣಿಕಿ ಹಾಕುವ ಗ್ವಾದಲಿನೇ!

1223ರಲ್ಲಿ ಇಟಲಿ ದೇಶದ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಎಂಬುವರು ನಿಜವಾದ ಎತ್ತು ಮತ್ತು ಕತ್ತೆಯನ್ನು ತಂದು ನಿಲ್ಲಿಸಿ, ಹುಲ್ಲು ಹಾಕಿ ಗೋದಲಿ ಮಾಡಿದ್ದರು. ಈಗಲೂ ಕ್ರಿಸ್‌ಮಸ್‌ದಾಗ ಮನೆ ಮನೆಯಲ್ಲಿ ಗೋದಲಿ ಮಾಡಿ ಸಣ್ಣ ಎತ್ತು, ಕುರಿ ಇಡುತ್ತಾರೆ. ಜರ್ಮನಿಯ ಲೌಶಾ ಎಂಬ ಊರಿನವರು 19ನೇ ಶತಮಾನದಿಂದ ಗಿಡಕ್ಕೆ ಕಟ್ಟುವ ಗಾಜಿನ ಗುಂಡು ಊದಿ ಮಾಡುತ್ತಾ ಬಂದಿದ್ದಾರೆ. ಅಜ್ಜಿ ಕಾಲದ ಗುಂಡನ್ನು ಅರಿವೆಯಲ್ಲಿ ಸುತ್ತಿಟ್ಟು ಮೊಮ್ಮಕ್ಕಳು ಮತ್ತೆ ಕಟ್ಟುವ ಮನೆಗಳು ಅಲ್ಲಿವೆ.

ಇದನ್ನು ಓದಿದಾಗ ನನಗೆ ನಮ್ಮ ಕಾರಹುಣ್ಣಿಮೆ ನೆನಪಾತು. ನಾವೂ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಂದೂಕದಿಂದ ಜೂಲ, ಗೆಜ್ಜೆಸರ, ಗೊಂಡೆ, ಹಿತ್ತಾಳಿ ಕೋಡಣಸು ತೆಗೆದು ಹಾಕುತ್ತೇವೆ. ಮುಂದಿನ ಅಮಾವಾಸ್ಯೆಗೆ ಮಣ್ಣೆತ್ತು ಮಾಡುತ್ತೇವೆ. ಹಬ್ಬ ಎರಡಾದರೂ ಗ್ವಾದಲಿ ಒಂದೇ ಅಲ್ಲವೇ?

ಆದರೆ ಈಗ ಏನಾಗಿದೆ? ಟ್ರ್ಯಾಕ್ಟರ್ ಬಂದ ಮೇಲೆ ಬಹಳ ಮನೆಗಳಲ್ಲಿ ಎತ್ತು ಮಾರಿದ್ದಾರೆ. ನಮ್ಮ ಮನ್ಯಾಗೂ ಮಾರಿ ಎರಡು ವರ್ಷ ಆತು. ಮೋಡಕಾದವನು ಓಣಿಗೆ ಬಂದಾಗ ಅಪ್ಪ, “ಎತ್ತs ಇಲ್ಲ, ಕೋಡಣಸು ಇಟಗೊಂಡು ಏನ್ ಮಾಡೂದೈತಿ?” ಅಂದರು. ಅಜ್ಜ ಏನೂ ಮಾತಾಡಲಿಲ್ಲ. ಎದ್ದು ಹೊರಗೆ ಹೋದರು. ಅವತ್ತು ಅವ್ವ “ಮುಂದ ನೋಡೂಣು” ಅಂದಿದ್ದಕ್ಕೆ ಕೋಡಣಸು ಇನ್ನೂ ಸಂದೂಕದಾಗ ಅದಾವು.

ಅಪ್ಪ ಹೇಳುವುದೂ ಸುಳ್ಳಲ್ಲ. ಕಣಿಕಿ, ಹಿಂಡಿ ತುಟ್ಟಿಯಾಗಿವೆ. ಮಳೆ ನಂಬಿ ಎತ್ತು ಸಾಕುವುದು ಕಷ್ಟ. ಎತ್ತು ಮಾರಬ್ಯಾಡ್ರಿ ಎಂದು ನಾನು ಹೇಳುವುದಿಲ್ಲ. ಆದರೆ ಕೋಡಣಸು ಕಣಿಕಿ ತಿನ್ನುವುದಿಲ್ಲ! ಅದನ್ನು ತೂಕಕ್ಕೆ ಹಾಕಿದರೆ ಬರುವ ರೊಕ್ಕ ಒಂದು ಸಂತಿಗೆ ಖರ್ಚಾಗುತ್ತದೆ. ಅಜ್ಜಿ ಕನ್ನಡಿ ಚೂರು ಹಚ್ಚಿ ಹೊಲಿದ ಜೂಲ ಯಾವ ಅಂಗಡ್ಯಾಗೂ ಮತ್ತೆ ಸಿಗುವುದಿಲ್ಲ. ಎತ್ತು ಹೋದ ಮೇಲೆ ಅದರ ನೆನಪು ಉಳಿದಿರುವುದು ಇದರಲ್ಲಿಯೇ. ಪ್ಲಾಸ್ಟಿಕ್ ಹಾರ ಮಾತ್ರ ಪ್ರತಿ ವರ್ಷ ಕೊಳ್ಳುತ್ತೇವೆ, ಮರುದಿನ ತಿಪ್ಪಿಗೆ ಒಗೆಯುತ್ತೇವೆ. ಇದು ಯಾವ ಉಳಿತಾಯ?

ಇನ್ನೊಂದು ಮಾತು. ಎತ್ತಿಲ್ಲದ ಮನ್ಯಾಗೂ ಆಕಳು, ಆಡು, ನಾಯಿ, ಬೆಕ್ಕು ಇರುತ್ತವೆ. ಹಬ್ಬ ಅವಕ್ಕೂ ಹಬ್ಬ ಆಗಬೇಕು. ನಾಯಿ ಬಾಲಕ್ಕೆ ಪಟಾಕಿ ಕಟ್ಟಿ ನಗುವುದು, ಹೆದರಿದ ಹೋರಿಯನ್ನು ಬಡಿಗೆಯಿಂದ ಹೊಡೆದು ಓಡಿಸುವುದು ಹಬ್ಬವಲ್ಲ. ಅವತ್ತು ಒಂದು ತುತ್ತು ಹೋಳಿಗೆ, ಒಂದು ಬೊಗಸೆ ನೀರು ಕೊಟ್ಟರೆ ಸಾಕು.

ಆದ್ದರಿಂದ ನನ್ನ ವಿನಂತಿ ಏನೆಂದರೆ, ಬರುವ ಕಾರಹುಣ್ಣಿಮೆಗೆ ಪ್ರತಿಯೊಬ್ಬರೂ ಮನೆಯಲ್ಲಿರುವ ಒಂದು ಹಳೆಯ ಗೆಜ್ಜೆ, ಗಂಟಿ ಅಥವಾ ಜೂಲವನ್ನು ಶಾಲೆಗೆ ತರೋಣ. ಅದು ಯಾವ ಎತ್ತಿನದು, ಆ ಎತ್ತಿನ ಹೆಸರೇನು, ಯಾರು ಮಾಡಿಸಿದ್ದು ಎಂದು ಅಜ್ಜ ಅಜ್ಜಿಯನ್ನು ಕೇಳಿ ಚೀಟಿಯಲ್ಲಿ ಬರೆದು ಪಕ್ಕಕ್ಕೆ ಇಡೋಣ. ಗುರುಗಳು ಒಂದು ಟೇಬಲ್ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮೋಡಕಾದವನು ಓಣಿಗೆ ಬರುವುದರೊಳಗೆ ಹಿರಿಯರನ್ನು ಕೇಳಿರಿ.