ವಾಸಿಯಾದ ಹುಣ್ಣು ವರ್ಷದೊಳಗೆ ಮರಳಿದರೆ?

ವಸಡಿನಿಂದ ತೆಗೆದ ಸ್ಟೆಮ್‌ ಸೆಲ್‌ಗಳು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣನ್ನು ಮಾಯಿಸಲಿವೆ ಎಂಬ ಸುದ್ದಿ ಬಂದಾಗಲೆಲ್ಲ ‘ಇನ್ನು ಕಾಲು ಕತ್ತರಿಸುವ ಕಾಲ ಹೋಯಿತು’ ಎಂದು ಬರೆಯುವವರು ಹೆಚ್ಚಾಗಿದ್ದಾರೆ. ಸಂಶೋಧನೆ ನಡೆಯಲಿ, ನಡೆಯಲೇಬೇಕು. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರ ಕಾಲು ಉಳಿಯಬೇಕಾದರೆ ಮೊದಲು ಬೇಕಾಗಿರುವುದು ಸರಿಯಾದ ಚಪ್ಪಲಿ.

ಇದನ್ನು ವಿಜ್ಞಾನ ವಿರೋಧ ಎನ್ನುವ ಮೊದಲು ಒಂದು ಅಂಕಿಯನ್ನು ನೋಡಿ. ವಾಸಿಯಾದ ಹುಣ್ಣುಗಳಲ್ಲಿ ಸುಮಾರು ಶೇ 40ರಷ್ಟು ಒಂದೇ ವರ್ಷದಲ್ಲಿ ಮರುಕಳಿಸುತ್ತವೆ. ಐದು ವರ್ಷಕ್ಕೆ ಆ ಪ್ರಮಾಣ ಶೇ 65. ಇದು 2017ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಲೆಕ್ಕ. ಹೊಸ ಔಷಧಗಳ ಪರೀಕ್ಷೆಗಳಾದರೋ ಸಾಮಾನ್ಯವಾಗಿ 12 ವಾರಕ್ಕೋ 20 ವಾರಕ್ಕೋ ಮುಗಿಯುತ್ತವೆ. ಗಾಯ ಮುಚ್ಚಿತೇ ಎಂದು ನೋಡುತ್ತಾರೆ, ಗೆದ್ದೆವು ಎಂದು ಬರೆಯುತ್ತಾರೆ. ಹುಣ್ಣು ಮರಳುವ ಹೊತ್ತಿಗೆ ಎಣಿಸುವವರು ಎದ್ದು ಹೋಗಿರುತ್ತಾರೆ.

1997ರಲ್ಲಿ, ಹಾವೇರಿ ಜಿಲ್ಲೆಯಾದ ವರ್ಷವೇ, ಅಮೆರಿಕ ಇದೇ ಹುಣ್ಣಿಗೆ ಹಚ್ಚುವ ಬೆಕಾಪ್ಲರ್ಮಿನ್ ಎಂಬ ಮುಲಾಮಿಗೆ ಒಪ್ಪಿಗೆ ಕೊಟ್ಟಿತು. ಪರೀಕ್ಷೆಯಲ್ಲಿ ಅದನ್ನು ಹಚ್ಚಿದವರಲ್ಲಿ ಶೇ 50 ಮಂದಿಯ ಗಾಯ ಮುಚ್ಚಿತ್ತು, ಬರೀ ಜೆಲ್ ಹಚ್ಚಿದವರಲ್ಲಿ ಶೇ 35. ಆಗಲೂ ಇಷ್ಟೇ ಸಂಭ್ರಮವಿತ್ತು. ಕಾಲು ಕತ್ತರಿಸುವುದು ನಿಂತಿತೇ?

ವಸಡಿನ ಕೋಶವನ್ನೇ ಆರಿಸಲು ಕಾರಣವಿದೆ. ಬಾಯಿಯ ಗಾಯ ಚರ್ಮದ ಗಾಯಕ್ಕಿಂತ ಬೇಗ, ಕಲೆ ಉಳಿಯದಂತೆ ಮಾಯುತ್ತದೆ ಎಂಬುದು ನಿಜ. 2018ರಲ್ಲಿ ಒಂದೇ ವ್ಯಕ್ತಿಯ ಬಾಯಿಯ ಮತ್ತು ಚರ್ಮದ ಗಾಯಗಳನ್ನು ಹೋಲಿಸಿ ಇದರ ಹಿಂದಿರುವ ಜೀನ್‌ಗಳನ್ನೂ ಗುರುತಿಸಿದ್ದಾರೆ. ಜಪಾನಿನ ವೈದ್ಯರು 2004ರಲ್ಲೇ ಬಾಯಿಯ ಕೋಶಗಳ ಪದರ ಬೆಳೆಸಿ ಕಣ್ಣಿಗೆ ಕಸಿ ಮಾಡಿದ ವರದಿ ಕೊಟ್ಟರು. ವಸಡಿನ ಕೋಶ ಸಕ್ಕರೆ ಕಾಯಿಲೆಯ ಹುಣ್ಣಿಗೆ ಒಗ್ಗುತ್ತದೆ ಎಂಬ ಪುರಾವೆ ಮಾತ್ರ ಬಹುಪಾಲು ಇಲಿಗಳದ್ದು. ಇಲಿ ಹವಾಯಿ ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋಗುವುದಿಲ್ಲ.

ಬ್ಯಾಡಗಿಯಲ್ಲಿ ಹಂಗಾಮಿನಲ್ಲಿ ಗೋಣಿಚೀಲದ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸಿನ ಪಾದ ನೋಡಿ. ಹಿಮ್ಮಡಿ ಒಡೆದಿದೆ, ಬಿರುಕಿನಲ್ಲಿ ಖಾರ ಕೂತಿದೆ. ಉರಿಯಬೇಕು. ಹತ್ತು ವರ್ಷದ ಶುಗರ್ ನರವನ್ನು ಕೊಂದಿದ್ದರೆ ಉರಿಯುವುದಿಲ್ಲ. ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆ ಹೊಲದಲ್ಲಿ ಕ್ರಾಸಿಂಗ್‌ಗೆ (ಕೈಯಿಂದ ಪರಾಗಸ್ಪರ್ಶ ಮಾಡಲು) ನಿಂತವರಿಗೆ, ದೇವರಗುಡ್ಡಕ್ಕೆ ಬರಿಗಾಲಲ್ಲಿ ನಡೆದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಎಲುಬು ಒತ್ತುವಲ್ಲಿ ಚರ್ಮ ದಪ್ಪಗಟ್ಟಿ ಆಣಿಯಾಗುತ್ತದೆ, ಆಣಿಯ ಕೆಳಗೆ ಕೀವು ತುಂಬುತ್ತದೆ. ಆ ಜಾಗದಲ್ಲಿ ಸ್ಟೆಮ್‌ ಸೆಲ್ ಹೊಸ ಚರ್ಮ ತಂದರೂ ಅದರ ಮೇಲೆ ಅದೇ ಎಲುಬು, ಕೆಳಗೆ ಅದೇ ಸವೆದ ಚಪ್ಪಲಿ.

ಇದು ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಎಂದೋ ಬಿಡಿಸಿಟ್ಟ ಸತ್ಯ. ಕುಷ್ಠರೋಗಿಗಳ ಅಂಗಾಲಿನ ಹುಣ್ಣಿಗೆ ಕಾರಣ ‘ಕೊಳೆಯುವ ಮಾಂಸ’ವಲ್ಲ, ನೋವು ತಿಳಿಯದ ಪಾದದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡ ಎಂದು ಅವರು ತೋರಿಸಿದರು. ಅಲ್ಲಿಂದ ಬಂದದ್ದು ಎಂಸಿಆರ್ ಚಪ್ಪಲಿ: ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರ್, ಕೆಳಗೆ ಗಟ್ಟಿ ಅಟ್ಟೆ, ಹಿಮ್ಮಡಿಗೆ ಪಟ್ಟಿ, ಎಲ್ಲಿಯೂ ಮೊಳೆಯಿಲ್ಲ. ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಡಿ ಸರ್ಕಾರ ಇದನ್ನು ಉಚಿತವಾಗಿ ಕೊಡುತ್ತ ಬಂದಿದೆ. ಸಕ್ಕರೆ ಕಾಯಿಲೆಯವರ ಜೋಮು ಹಿಡಿದ ಪಾದಕ್ಕೂ ಕುಷ್ಠರೋಗಿಯ ಪಾದಕ್ಕೂ ಹುಣ್ಣಿನ ವಿಷಯದಲ್ಲಿ ಏನು ವ್ಯತ್ಯಾಸ? 2023ರ ಐಸಿಎಂಆರ್ ಅಧ್ಯಯನದಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇಷ್ಟು ಜನರ ಕಾಲಿನ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲೇ ಇರುವಾಗ ಪ್ರಯೋಗಾಲಯದ ಬಾಗಿಲಲ್ಲಿ ಕಾಯುವುದು ನನಗಂತೂ ಸಹನೆಯಾಗುವುದಿಲ್ಲ.

ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಶುಗರ್ ನೋಡಲು ಮನೆಗೆ ಬರುವವರು ಪ್ರತಿ ಮಧುಮೇಹಿಯ ಅಂಗಾಲನ್ನೂ ತಿರುಗಿಸಿ ನೋಡಲಿ. ಸ್ಪರ್ಶ ಪರೀಕ್ಷಿಸಲು 10 ಗ್ರಾಂ ಒತ್ತಡದ ನೈಲಾನ್ ಎಳೆಯೊಂದು ಸಾಕು. ಸ್ಪರ್ಶ ಹೋದವರಿಗೆ ಎಂಸಿಆರ್ ಚಪ್ಪಲಿ ಕೊಡಲಿ. ಅದನ್ನು ಹೊಲಿಯಲು ಈ ಮೂರು ಊರಿನ ಚಮ್ಮಾರರಿಗೇ ತರಬೇತಿ, ರಬ್ಬರ್ ಶೀಟು ಕೊಡಲಿ. ಹಾವೇರಿಗೆ ಈಗ ಸ್ವಂತ ವೈದ್ಯಕೀಯ ಕಾಲೇಜಿದೆ, ವಾರಕ್ಕೊಂದು ದಿನದ ಪಾದ ಚಿಕಿತ್ಸಾಲಯ ಅಲ್ಲಿಂದಲೇ ಶುರುವಾಗಲಿ. ಸ್ಟೆಮ್‌ ಸೆಲ್ ಪರೀಕ್ಷೆಗೆ ಸಾರ್ವಜನಿಕ ಹಣ ಹೋಗುವುದಾದರೆ ಷರತ್ತು ಒಂದೇ: ಫಲಿತಾಂಶವನ್ನು 12ನೇ ವಾರಕ್ಕಲ್ಲ, 52ನೇ ವಾರಕ್ಕೆ ಎಣಿಸಬೇಕು.