ದಿನದ ಹತ್ಯಾರು, ವರ್ಷಕ್ಕೊಮ್ಮೆಯ ಹತ್ಯಾರು

ಕಾರ್ಕಳದ ಬಂಡೆಬೆಟ್ಟದ ಮೇಲೆ 42 ಅಡಿಯ ಬಾಹುಬಲಿ ನಿಂತದ್ದು 1432ರಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಅದೇ ಊರಿನ ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಧರ್ಮಸ್ಥಳಕ್ಕಾಗಿ 39 ಅಡಿಯ ಬಾಹುಬಲಿಯನ್ನು ಕಡೆದರು. ಇಂಥ ಮೂರ್ತಿಗಳನ್ನು ಕಡೆಯುವ ಗ್ರಾನೈಟ್ ಶಿಲೆಯಲ್ಲಿರುವ ಬೆಣಚಿನ ಕಣಗಳು ಸಾಮಾನ್ಯ ಉಕ್ಕಿಗೆ ಸುಲಭವಾಗಿ ಮಣಿಯುವುದಿಲ್ಲ. ಉಳಿಯ ಮೊನೆಯೇ ಮೊಂಡಾಗುತ್ತದೆ. ಹಾಗಾಗಿ ಕಲ್ಲುಕೆಲಸದ ಪಕ್ಕದಲ್ಲೇ ಕುಲುಮೆ ಉರಿಯಬೇಕಿತ್ತು. ಮೊನೆಯನ್ನು ಕಾಯಿಸಿ, ಬಡಿದು, ನೀರಿಗದ್ದಿ ಹದ ಕೊಡುವುದೇ ಒಂದು ಪ್ರತ್ಯೇಕ ದುಡಿಮೆ.

ಈಗ ಉಳಿಯ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಬಂದಿದೆ. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಆದರೆ ಕಾರ್ಬೈಡ್ ಇರುವುದು ತುದಿಯಲ್ಲಿ ಮಾತ್ರ, ಹಿಡಿ ಉಕ್ಕಿನದೇ. ಸವೆಯುವ ಜಾಗಕ್ಕೆ ಮಾತ್ರ ದುಡ್ಡು ಸುರಿಯುವ ಈ ಜಾಣತನ ಕೊಳ್ಳುವವರಿಗೂ ಬರಬೇಕು.

ಮಣಿಪಾಲದಂಥ ಆಸ್ಪತ್ರೆಯೂರಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೂ ಇದೇ ಕಾರ್ಬೈಡ್ ಸಿಗುತ್ತದೆ. ಹೊಲಿಗೆಯ ಸೂಜಿ ಹಿಡಿಯುವ ಚಿಮುಟದ ಹಿಡಿಕೆ ಬಂಗಾರದ ಬಣ್ಣದ್ದಾಗಿದ್ದರೆ, ಅದರ ಬಾಯಿಗೆ ಕಾರ್ಬೈಡ್ ಕೂರಿಸಲಾಗಿದೆ ಎಂದು ಗುರುತು. ಅದೇ ತಟ್ಟೆಯಲ್ಲಿರುವ ಚಾಕುವಿನ ಕಥೆ ತಿರುಗುಮುರುಗು: ಹಿಡಿಯನ್ನು ಶುದ್ಧೀಕರಿಸಿ ವರ್ಷಗಟ್ಟಲೆ ಬಳಸುತ್ತಾರೆ, ಅಲಗನ್ನು ಒಂದು ಶಸ್ತ್ರಚಿಕಿತ್ಸೆಗೇ ಎಸೆಯುತ್ತಾರೆ. ಯಾವುದು ಎಷ್ಟು ಬಳಕೆಗೆ ಎಂದು ನೋಡಿದರೆ ಎರಡೂ ಸರಿಯಾದ ಲೆಕ್ಕವೇ.

ಉಡುಪಿಯ ಅಡುಗೆಮನೆಗಳಲ್ಲಿ ಈ ಲೆಕ್ಕ ತಪ್ಪುವುದು ಮಿಕ್ಸಿಯ ವಿಷಯದಲ್ಲಿ. ಅನೇಕ ಮಿಕ್ಸಿಗಳ ತಳದ ಚೀಟಿಯಲ್ಲಿ 30 ನಿಮಿಷ ಎಂಬ ರೇಟಿಂಗ್ ಇರುತ್ತದೆ. ಅದೂ ಒಂದೇ ಸಮನೆ ಅಲ್ಲ, ಐದು ನಿಮಿಷ ಓಡಿಸಿ ಎರಡು ನಿಮಿಷ ಬಿಡುವು ಕೊಡುವ ಕ್ರಮದಲ್ಲಿ. ಮನೆಯ ಚಟ್ನಿಗೆ, ಸಾಂಬಾರಿನ ಮಸಾಲೆಗೆ ಅಷ್ಟು ಧಾರಾಳ. ಅದೇ ಮಿಕ್ಸಿಯಲ್ಲಿ ಸಣ್ಣ ಕ್ಯಾಂಟೀನಿನ ದೋಸೆಹಿಟ್ಟು ರುಬ್ಬಲು ಹೊರಟರೆ ಮೋಟಾರು ಸುಡುತ್ತದೆ. ಕಂಪನಿಯನ್ನು ಬೈದು ಫಲವಿಲ್ಲ. ಆ ಕೆಲಸಕ್ಕೆ ಕಲ್ಲಿನ ಗ್ರೈಂಡರೇ ಬೇಕು.

ಕಾಪುವಿನ ಕಡಲ ದಂಡೆಗೆ ಬಂದರೆ ಲೆಕ್ಕಕ್ಕೆ ಇನ್ನೊಂದು ಎಳೆ ಸೇರುತ್ತದೆ. ಅಪರೂಪಕ್ಕೆ ಬಳಸುವ ಹತ್ಯಾರಿಗೆ ಅಗ್ಗದ್ದು ಸಾಕು ಎಂಬ ಮಾತು ಒಣ ಹವೆಯ ಊರುಗಳಿಗೆ ಒಪ್ಪೀತು. ಇಲ್ಲಿ ಉಪ್ಪುಗಾಳಿಯ ಜೊತೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ದಿನವೂ ಕೈಯಾಡುವ ಕತ್ತಿ ಹೊಳೆಯುತ್ತಿರುತ್ತದೆ, ಅಟ್ಟದಲ್ಲಿಟ್ಟ ಇಕ್ಕಳ ಎರಡು ಮಳೆಗಾಲಕ್ಕೆ ಬಾಯಿ ಬಿಡುವುದಿಲ್ಲ. ಕರಾವಳಿಯಲ್ಲಿ ಹತ್ಯಾರನ್ನು ಸವೆತಕ್ಕಿಂತ ತುಕ್ಕೇ ಹೆಚ್ಚಾಗಿ ತಿನ್ನುತ್ತದೆ.

ಜೀವದ ಪ್ರಶ್ನೆ ಬಂದಲ್ಲಿ ಎಷ್ಟು ಸಲ ಬಳಸುತ್ತೇವೆ ಎಂಬ ಲೆಕ್ಕವೇ ಬೇಡ. ವರ್ಷಕ್ಕೊಮ್ಮೆ ಹತ್ತುವ ಏಣಿಯೂ ಗಟ್ಟಿಯಾಗಿಯೇ ಇರಬೇಕು. ಅಡಿಕೆ ತೋಟಕ್ಕೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರ, ಒಳ್ಳೆಯದು. ಆದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ. ತಂತಿಯ ಹತ್ತಿರ ಅದನ್ನು ಎತ್ತಲೇಬಾರದು.

ಉಳಿದ ಅಪರೂಪದ ಹತ್ಯಾರುಗಳನ್ನು ಪ್ರತಿ ಮನೆಯೂ ಕೊಂಡು ತುಕ್ಕು ಹಿಡಿಸುವುದೇಕೆ? ಟಿಲ್ಲರ್, ನಾಟಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ರಾಜ್ಯದಲ್ಲಿ ಆಗಲೇ ಇವೆ. ಕೊರೆಯುವ ಯಂತ್ರ, ಕಳೆ ಕೊಚ್ಚುವ ಯಂತ್ರ, ಉದ್ದದ ಏಣಿಗಳನ್ನೂ ಹೀಗೆಯೇ ಬಾಡಿಗೆಗೆ ಇಡುವ ಕೆಲಸವನ್ನು ಊರೂರಿನ ಸಹಕಾರಿ ಸಂಘಗಳು ಕೈಗೆತ್ತಿಕೊಳ್ಳಲಿ.